ಸೆಂಟ್ ಹಾಕಿಕೊಂಡು ಹುಳುಮನೆಗೆ ಹೋದೆ

ಸ್ನೇಹಿತರೇ, ಇವತ್ತು ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು.

ದಿಬ್ಬೂರಹಳ್ಳಿಯಲ್ಲಿ ಯುವತಿಯರಿಗೆ ನಾನು ನಡೆಸುವ ತರಗತಿ ಇತ್ತು. 'ನಮ್ಮ ನಿರ್ಧಾರ ನಾವೇ ತೆಗೆದುಕೊಳ್ಳುವುದು ಹೇಗೆ' ಎಂಬುದು ವಿಷಯ. ಡಿಗ್ರಿ ಮುಗಿಸಿರುವ ಮಮತ ಬರಲೇ ಇಲ್ಲ. ಮನೆಯವರು ಕಳಿಸಿರಲಾರರು ಎಂದುಕೊಂಡು, ಜಗಳಕ್ಕೇ ಸಿದ್ಧಳಾಗಿ ಅವರ ಮನೆಗೆ ಹೋದೆ. ರೇಷ್ಮೆ ಹುಳು ಸಾಕುವ ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಅವಳದೇ ಕೂಗು.

"ಅಕ್ಕಾ, ಅಲ್ಲೇ ನಿಂತ್ಕೊಳ್ಳಿ! ಸೆಂಟ್ ಹಾಕ್ಕೊಂಡಿದೀರ. ಆ ವಾಸನೆ ಹುಳಕ್ಕೆ ಆಗಲ್ಲ."

ಹೆಚ್ಚಿನ ಹುಳು ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾಗಿದ್ದವು. ಗೂಡು ಕಟ್ಟಲು ಅವನ್ನು ಇವತ್ತೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು. "ಈ ತಟ್ಟೆ ಹುಳ ಆರಿಸ್ಲೇನಮ್ಮ?" ಎಂದು ಅವಳಪ್ಪ ಕೇಳಿದರು. "ಬೇಡಪ್ಪ, ಅವಕ್ಕೆ ಇನ್ನೊಂದ್ಸಲ ಸೊಪ್ಪು ಹಾಕು" ಎಂದಳು. ಅವರು ಮರುಮಾತಾಡದೆ ಸೊಪ್ಪು ತರಲು ಹೋದರು.

"ನಿನಗೆ ನಾನು ಕಲಿಸೋದೇನಿದೆ ಬಿಡೇ" ಎಂದೆ, ಹೊರಗಿನಿಂದಲೇ.

ಮಮತ ಬಾಗಿಲಿಗೆ ಬಂದು ದನಿ ತಗ್ಗಿಸಿದಳು. "ಹುಳದ ವಿಷ್ಯ ಎಲ್ಲಾ ನನ್ನೇ ಕೇಳ್ತಾರೆ ಅಕ್ಕ. ಭಾನುವಾರ ನನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರಂತೆ. ಅದನ್ನ ಮಾತ್ರ ಯಾರೂ ಕೇಳ್ಲಿಲ್ಲ. ಅದಕ್ಕೇನಾದ್ರೂ ಕ್ಲಾಸ್ ಇದ್ಯಾ?"



ಶಿಡ್ಲಘಟ್ಟದ ಬಸ್ಸಿನಲ್ಲಿ ಕೂತು ಹಾಜರಿ ಪುಸ್ತಕ ತೆಗೆದೆ. ಮುಂದಿನ ತರಗತಿ ಶನಿವಾರ, ಗಂಡಿನ ಕಡೆಯವರು ಬರುವ ಹಿಂದಿನ ದಿನ. ಅದರ ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿ ಅವಳಪ್ಪನ ಹೆಸರು ಬರೆದೆ. ನಾಳೆ ಹೋಗಿ ಅವರನ್ನು ಕರೆಯಬೇಕು, ಸೆಂಟ್ ಹಾಕಿಕೊಳ್ಳದೆ.