ತಾಕ್ ಅಂಕಲ್‌ನ ಐದು ಸಾವಿರದ ರೇಡಿಯೋ

ನಮ್ಮ ಹಳೇ ರೇಡಿಯೋ ಕ್ಲಬ್ಬಲ್ಲಿ ಮನೇಲಿ ಸುಳ್ಳು ಹೇಳ್ದೇ ಇರೋರು ಒಬ್ರೂ ಇಲ್ಲ. ಆದ್ರೆ ಸುಳ್ಳಿಗೂ ಒಂದು ಲೆಕ್ಕಾಚಾರ ಇಟ್ಕೊಂಡಿದ್ದೋರು ಅಂದ್ರೆ ತಾಕ್ ಗಿಹ್ವಾನ್ ಅಂಕಲ್ ಒಬ್ರೇ. ಸಿಯೋಲ್‌ನಲ್ಲಿ ಅರ್ಧ ಆಯಸ್ಸು ಸ್ವಂತ ಟ್ಯಾಕ್ಸಿ ಓಡಿಸಿ, ಈಗ ಮನೇಲಿ ಕೂತಿರೋರು. ದೊಂಗ್‌ಮ್ಯೊ ಗುಜರಿ ಸಂತೆಗೆ ನಡ್ಕೊಂಡೇ ಹೋಗೋ ಅಷ್ಟು ಹತ್ರ ಮನೆ. ಅದೇ ಎಡವಟ್ಟಾಗಿದ್ದು ಅಂತ ಅವ್ರ ಹೆಂಡ್ತಿ ಸುನಿಮ್ ಆಂಟಿ ಅಂತಾರೆ.

ಲೆಕ್ಕಾಚಾರ ಏನಪ್ಪಾ ಅಂದ್ರೆ, ರೇಡಿಯೋ ಎಷ್ಟು ದುಬಾರಿಯೋ ಆಂಟಿಗೆ ಹೇಳೋ ರೇಟು ಅಷ್ಟು ಕಮ್ಮಿ. ಯಾಕೆ ಹಂಗೆ ಅಂತ ಒಂದ್ಸಲ ಕೇಳ್ದೆ.

"ನಿಜವಾಗ್ಲೂ ಮೂವತ್ತು ಸಾವ್ರದ್ದನ್ನ ಮೂವತ್ತು ಸಾವ್ರ ಅಂತ ಧೈರ್ಯವಾಗಿ ಹೇಳ್ಬೋದು ಮರಿ. ದುಬಾರೀದು ಮನೆಗೆ ತಂದಾಗ ಬಾಯಿ ಒಣಗೋಗುತ್ತೆ. ಒಣಗಿದ ಬಾಯಲ್ಲಿ ಬರೀ ಚಿಕ್ಕ ನಂಬರ್ರೇ ಬರೋದು."

ಅವ್ರ ಹತ್ರ ಇದ್ದ ಎಲ್ಲಾದ್ರಲ್ಲೂ ಚಿಕ್ಕ ನಂಬರ್ ಬಿದ್ದಿದ್ದು ದೊಂಗ್‌ಬೆಕ್ ರೇಡಿಯೋಗೆ. ಐದು ಸಾವ್ರ ವನ್. ಸಂತೆ ಪಕ್ಕದ ಗಾಡೀಲಿ ಒಂದು ಬಟ್ಟಲು ನೂಡಲ್ಸಿನ ದುಡ್ಡು.

ಈ ದೊಂಗ್‌ಬೆಕ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ನನ್ನ ಕೈಲಿ ಸುಮ್ನಿರಕ್ಕಾಗಲ್ಲ. ಬೂಸಾನ್‌ನಲ್ಲಿ ಒಂದು ಪುಟ್ಟ ಫ್ಯಾಕ್ಟ್ರಿ, ಯುದ್ಧ ಮುಗ್ದ ಮೇಲೆ ಸ್ವಲ್ಪ ದಿನ ವಾಲ್ವ್ ರೇಡಿಯೋ ಮಾಡಿ ಬಾಗ್ಲು ಹಾಕ್ಕೊಂಡಿದ್ದು. ನಮ್ಮ ಕ್ಲಬ್ಬಿಗೆ ಗೊತ್ತಿರೋ ಹಂಗೆ ಉಳಿದಿರೋದು ನಾಲ್ಕೇ. ಒಂದ್ರ ಮರದ ಪೆಟ್ಟಿಗೇನ ಹುಳ ತಿಂದಿದೆ. ಇನ್ನೊಂದ್ರಲ್ಲಿ ಸ್ಟೇಷನ್ ಹೆಸ್ರೇ ಇಲ್ಲ, ಯಾರೋ ಒಳ್ಳೇ ಸೊಸೆ ಹಬ್ಬಕ್ಕೆ ಅಂತ ಗಾಜಿನ ಒಳಗಡೆ ಒದ್ದೆ ಬಟ್ಟೇಲಿ ಒರ್ಸಿದಾಳೆ, ಅಕ್ಷರ ಎಲ್ಲಾ ಬಟ್ಟೆಗೆ ಬಂದ್ಬಿಟ್ಟಿದೆ. ಮೂರನೇದ್ರ ಹೊಟ್ಟೆ ಬಗೆದು ಯಾರೋ ಬ್ಲೂಟೂತ್ ಸ್ಪೀಕರ್ ಹಾಕಿದಾರೆ, ಅದ್ರ ಬಗ್ಗೆ ಕ್ಲಬ್ಬಲ್ಲಿ ಯಾರೂ ಮಾತಾಡಲ್ಲ. ನಾಲ್ಕನೇದು ತಾಕ್ ಅಂಕಲ್‌ದು. ಅದೇ ವಾಲ್ವು, ಅದೇ ಕಂಡೆನ್ಸರ್ರು, ಹಿಂದಿನ ರಟ್ಟು ಕೂಡ ಅದೇ. ಯಾರೂ ಒಳಗೆ ಕೈ ಹಾಕಿಲ್ಲ. ನಮ್ಮ ಲೋಕದಲ್ಲಿ ಬೆಲೆ ಇರೋದೇ ಅದಕ್ಕೆ. ಹೊಸ ಕಂಡೆನ್ಸರ್ ಹಾಕಿದ್ರೆ ಹಾಡುತ್ತೆ, ಆದ್ರೆ ಬೆಲೆ ಅರ್ಧಕ್ಕೆ ಬೀಳುತ್ತೆ. ಹಳೇದ್ರಲ್ಲೇ ಕರೆಂಟ್ ಕೊಟ್ರೆ ಸುಟ್ರೂ ಸುಡ್ಬೋದು. ಅದಕ್ಕೇ ಅಂಕಲ್ ಅದನ್ನ ಒಂದ್ಸಲಾನೂ ಹಚ್ಚಿರ್ಲಿಲ್ಲ.

"ಕೇಳ್ಬೇಕು ಅಂತ ಅನ್ಸಲ್ವಾ ಅಂಕಲ್?"

"ಅನ್ಸುತ್ತೆ. ಅದಕ್ಕೇ ಸಾಕೆಟ್ಟೇ ಇಲ್ದಿರೋ ಗೋಡೆ ಹತ್ರ ಇಟ್ಟಿದೀನಿ."

ಅದಕ್ಕೆ ಕೊಟ್ಟಿದ್ದು ಒಂದು ಕೋಟಿ ವನ್. ಟ್ಯಾಕ್ಸಿ ಪರ್ಮಿಟ್ ಮಾರಿದ ದುಡ್ಡಲ್ಲಿ. ಪರ್ಮಿಟ್ಟಿಗೆ ಎಷ್ಟು ಬಂತು ಅಂತ ಆಂಟಿಗೆ ಹೇಳುವಾಗ್ಲೂ ಬಾಯಿ ಒಣಗಿತ್ತು, ಸರಿಯಾಗಿ ಆ ಒಂದು ಕೋಟಿಯಷ್ಟು ಕಮ್ಮಿ ಹೇಳಿದ್ರು. ಜೀವನ ಪೂರ್ತಿ ಟ್ರಾಫಿಕ್ಕಲ್ಲಿ ಕೂತಿದ್ದರ ಒಂದು ಪಾಲು ಆ ಪೆಟ್ಟಿಗೇಲಿತ್ತು.

ಒಂದು ಶನಿವಾರ ಅದನ್ನ ತೋರಿಸ್ತೀನಿ ಬಾ ಅಂತ ಕರೆದಿದ್ರು. ಆಂಟಿ ಅಕ್ಕನ ಮಗಳು ಸೊಲ್ಮಿ ಅವತ್ತು ಉಲ್ಚಿರೋ ಅನ್ನೋ ಬೀದೀಲಿ ಕಾಫಿ ಅಂಗ್ಡಿ ಶುರು ಮಾಡ್ತಿದ್ಲು. ಆಂಟಿ ಅಲ್ಲಿಗೆ ಹೋಗಿದ್ರು, ಅಂಕಲ್ ಮೊಣಕಾಲು ನೋವು ಅಂತ ನೆಪ ಹೇಳಿ ಮನೇಲೇ ಉಳ್ಕೊಂಡಿದ್ರು. ನಾನು ಹೋಗಿ ಕೈ ತೊಳ್ಕೊಂಡು, ಒರ್ಸ್ಕೊಂಡು, ಪೂಜೆಗೆ ಕೂತೋರ ಥರ ಕೂತೆ. ಅಂಕಲ್ ಮೂಲೇಲಿದ್ದ ಗುಲಾಬಿ ಬಟ್ಟೆ ಎತ್ತಿದ್ರು. ಬಟ್ಟೆ ಅಡೀಲಿ ಒಂದು ದಿಂಬು. ರೇಡಿಯೋ ಇದ್ದ ಜಾಗದಲ್ಲಿ ಧೂಳಿಲ್ದಿರೋ ಚೌಕ.

ಅಂಕಲ್ ದಿಂಬನ್ನ ಒತ್ತಿ ನೋಡಿದ್ರು, ಅದ್ರೊಳಗೆ ಇರ್ಬೋದೇನೋ ಅನ್ನೋ ಹಂಗೆ. ಆಮೇಲೆ ಆಂಟಿಗೆ ಫೋನ್ ಹಚ್ಚಿದ್ರು. ಆಂಟಿ ಪಿಸುಮಾತಲ್ಲಿ ಮಾತಾಡಿದ್ರೂ ನನಗೆ ಕೇಳ್ತಿತ್ತು.

"ಸೊಲ್ಮಿ ಅಂಗ್ಡಿಗೆ ಉಡುಗೊರೆ ಅಂತ ತಂದೆ ರೀ. ಈಗಿನ ಮಕ್ಳಿಗೆ ಹಳೇ ಸಾಮಾನು ಅಂದ್ರೆ ಪ್ರಾಣ. ನಿಮ್ಮ ದುಬಾರಿ ರೇಡಿಯೋ ಒಂದನ್ನೂ ಮುಟ್ಟಿಲ್ಲ. ಆ ಐದು ಸಾವ್ರದ್ದನ್ನೇ ಹುಡುಕಿ ತಗೊಂಡೆ, ನಿಮಗೆ ಬೇಜಾರಾಗ್ಬಾರ್ದು ಅಂತ. ಜಾಗ ಬೋಳಾಗಿ ಕಾಣ್ಬಾರ್ದು ಅಂತ ದಿಂಬಿಟ್ಟೆ. ಇಡ್ತೀನಿ, ಹಿರಿಯರೆಲ್ಲಾ ಬಂದ್ರು."

ಇಟ್ಟೇಬಿಟ್ರು. ಮತ್ತೆ ಮಾಡಿದ್ರೆ ಸ್ವಿಚ್ ಆಫ್.

ಅಂಕಲ್ ಸೊಲ್ಮಿ ಗಂಡ ಕುಕ್‌ಗೆ ಮೆಸೇಜ್ ಹಾಕಿದ್ರು, 'ಅಳಿಯಂದ್ರೇ, ರೇಡಿಯೋ ಪ್ಲಗ್ ಹಾಕ್ಬೇಡಿ' ಅಂತ. ತಕ್ಷಣ ಒಂದು ಫೋಟೋ ಬಂತು. ರೇಡಿಯೋ ವೈರಿನ ತುದೀಲಿ ಹೊಚ್ಚ ಹೊಸ ಹಂದಿಮೂಗು. ಕೆಳಗೆ, 'ಗೋಡೆಗೆ ಹಿಡೀತಿರ್ಲಿಲ್ಲ ಚಿಕ್ಕಪ್ಪ, ಕೆಳಗಿನ ಅಂಗ್ಡೀಲಿ ಇದು ಸಿಕ್ತು. ಪೂಜೆ ಆದ್ಮೇಲೆ ಎಲ್ರ ಮುಂದೆ ಹಚ್ತೀವಿ.'

ಹಂದಿಮೂಗು ನಮ್ಮಲ್ಲಿ ಎಲ್ಲಾ ಮನೇಲೂ ಇರುತ್ತೆ. ಹಳೇ ಚಪ್ಪಟೆ ಪಿನ್ನನ್ನ ಈಗಿನ ದುಂಡು ತೂತಿಗೆ ಹಿಡಿಸೋ ಪುಟ್ಟ ಪ್ಲಗ್ಗು. ತೂತು ಹಿಡಿಸುತ್ತೆ ಅಷ್ಟೇ, ಕರೆಂಟ್ ಕಮ್ಮಿ ಮಾಡಲ್ಲ. ದೊಂಗ್‌ಬೆಕ್ ಹುಟ್ಟಿದ್ದು ನೂರು ವೋಲ್ಟಿಗೆ, ಈಗ ಗೋಡೇಲಿರೋದು ಇನ್ನೂರಿಪ್ಪತ್ತು. ಆದ್ರೂ ಪ್ಲಗ್ಗು ಒಳಗೆ ಹೋಯ್ತಲ್ಲ, ಸರಿಯಾಯ್ತು ಅನ್ಕೊಂಡು ಎಷ್ಟು ಮನೆಯೋರು ಅಜ್ಜಿ ಕಾಲದ ಸಾಮಾನು ಸುಟ್ಟಿದಾರೋ.

ಫೋನ್ ಮಾಡಿದ್ರೆ ಕುಕ್ ಎತ್ತಲಿಲ್ಲ, ಟ್ಯಾಕ್ಸಿ ಹಿಡಿದ್ವಿ. ಅಂಕಲ್ ಹಿಂದಿನ ಸೀಟಲ್ಲಿ ಕೂತು ಬಲಗಾಲಲ್ಲಿ ಬ್ರೇಕ್ ಒತ್ತುತ್ತಾ, ಎಡಗಡೆ ಹೋಗಿ, ಆ ಗಲ್ಲಿ ಹಿಡೀರಿ, ಬಸ್ಸಿನ ಹಿಂದೆ ಹೋಗ್ಬೇಡಿ ಅಂತ ಒಂದೇ ಸಮ. ಡ್ರೈವರ್ ಕನ್ನಡೀಲಿ ನೋಡ್ದ.

"ಹಿರೀರೇ, ಆಸ್ಪತ್ರೆಗಾ?"

"ಕಾಫಿ ಅಂಗ್ಡಿಗೆ."

"ಕಾಫಿಗೆ ಇಷ್ಟು ಅರ್ಜೆಂಟಾ? ಅದೇನು ಆರಿ ಹೋಗುತ್ತಾ?"

ಸಿಗ್ನಲ್ಲಲ್ಲಿ ನಿಂತಾಗ ಅಂಕಲ್ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ್ರು, "ಸುಟ್ರೆ ನಾನು ಅಳೋ ಹಂಗೂ ಇಲ್ಲ ಮರಿ. ಐದು ಸಾವ್ರದ್ದಕ್ಕೆ ಯಾರಾದ್ರೂ ಅಳ್ತಾರಾ?"

ಮೆಟ್ಲು ಹತ್ತುವಾಗ ಮೊಣಕಾಲು ನೋವು ನಾಟಕ ಮರ್ತೇಬಿಟ್ರು. ಮೇಲೆ ಅಂಗ್ಡಿ ತುಂಬಾ ಜನ. ಮೇಜಿನ ಮೇಲೆ ಪೂಜೆಗಿಟ್ಟ ಬೇಯ್ಸಿದ ಹಂದಿ ತಲೆ, ಅದ್ರ ಬಾಯಲ್ಲಿ ಕಾಣಿಕೆ ನೋಟು, ಅಕ್ಕಿ ಕಡುಬು, ಪಕ್ಕದಲ್ಲೇ ದೊಂಗ್‌ಬೆಕ್. ನಾನು ಮೊದಲ್ನೇ ಸಲ ನೋಡಿದ್ದು ಅವಾಗ್ಲೇ. ಜೇನಿನ ಬಣ್ಣದ ಮರ, ಗಾಜಿನ ಮೇಲೆ ಎಲ್ಲಾ ಅಕ್ಷರಾನೂ ಇತ್ತು. ಸರಿಯಾಗಿ ನೋಡಕ್ಕೂ ಆಗ್ಲಿಲ್ಲ, ಯಾಕಂದ್ರೆ ಕುಕ್ ಪ್ಲಗ್ ಕೈಲಿ ಹಿಡ್ಕೊಂಡು ಗೋಡೆ ಹತ್ರ ನಿಂತಿದ್ದ.

"ಬಂದ್ರಾ ಚಿಕ್ಕಪ್ಪ, ಮೊದ್ಲು ನಮಸ್ಕಾರ ಮಾಡಿ, ಆಮೇಲೆ ಹಚ್ತೀನಿ" ಅಂದ.

ನಮಸ್ಕಾರ ಮಾಡ್ದೇ ಮಾತಾಡೋ ಹಂಗಿಲ್ಲ. ಅಂಕಲ್ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದ್ರು, ಕಣ್ಣು ಮಾತ್ರ ಕುಕ್ ಕೈ ಮೇಲೆ. ಎದ್ದೋರೇ ಹೋಗಿ ಪ್ಲಗ್ಗಿಗೆ ಕೈ ಹಾಕಿದ್ರು.

"ಅಳಿಯಂದ್ರೇ, ಇದು ನೂರು ವೋಲ್ಟಿಂದು. ಹಚ್ಬೇಡಿ."

"ಹಂದಿಮೂಗು ಇದೆಯಲ್ಲಾ ಚಿಕ್ಕಪ್ಪ."

"ಅದು ಬರೀ ತೂತಿಗೆ."

"ಸುಟ್ರೆ ಸುಡ್ಲಿ ಬಿಡಿ, ಐದು ಸಾವ್ರದ್ದು ಅಂತ ಚಿಕ್ಕಮ್ಮ ಹೇಳಿದ್ರು. ನಾನೇ ಇನ್ನೊಂದು ತಂದ್ಕೊಡ್ತೀನಿ." ಎಲ್ರೂ ನಕ್ರು. ಕುಕ್ ತಮಾಷೆಗೆ ಪ್ಲಗ್ ಎಳ್ಕೊಂಡು ಸಾಕೆಟ್ ಹತ್ರ ತಗೊಂಡ್ಹೋದ.

"ಒಂದು ಕೋಟಿ" ಅಂದ್ರು ಅಂಕಲ್.

"ಏನು ಒಂದು ಕೋಟಿ?"

"ಅದ್ರ ಬೆಲೆ. ನಾನು ಕೊಟ್ಟಿರೋದು."

ಕುಕ್ ಪ್ಲಗ್ಗನ್ನ ಹಾವು ಹಿಡ್ದೋನ ಥರ ಮೆಲ್ಲಗೆ ನೆಲದ ಮೇಲಿಟ್ಟ. ಯಾರೋ ಕಡುಬು ಅಗೀತಿದ್ದೋರು ಅಗಿಯೋದು ನಿಲ್ಸಿದ್ರು. ಸುನಿಮ್ ಆಂಟಿ ಗಂಡನ ಕಡೆ ತಿರುಗಿದ್ರು. ಕೇಳಿದ್ದು ಒಂದೇ.

"ಪರ್ಮಿಟ್ ದುಡ್ಡಲ್ವಾ?"

ಅಂಕಲ್ ಹೌದು ಅಂತ ತಲೆ ಆಡ್ಸಿದ್ರು.

ಪಾಪ ಸೊಲ್ಮಿಗೆ ಅಳು ಬರೋ ಹಂಗಾಗಿತ್ತು. "ಚಿಕ್ಕಮ್ಮ, ನಂಗೆ ಬೇಡ, ಈಗ್ಲೇ ತಗೊಂಡ್ಹೋಗಿ" ಅಂತ ರೇಡಿಯೋನ ಬಟ್ಟೇಲಿ ಸುತ್ತಕ್ಕೆ ಶುರು ಮಾಡಿದ್ಲು. ಅಂಕಲ್ ಆಗ್ಲೇ ಕೈ ಚಾಚಿದ್ರು.

"ಇಡು ಅಲ್ಲೇ" ಅಂದ್ರು ಆಂಟಿ. ಜೋರಾಗೇನೂ ಅನ್ಲಿಲ್ಲ. "ಅಂಗ್ಡಿ ಶುರುವಾದ ದಿನ ಬಂದ ಉಡುಗೊರೆ ವಾಪಸ್ ಹೋದ್ರೆ ಅದ್ರ ಜೊತೆ ಅಂಗ್ಡಿ ಅದೃಷ್ಟಾನೂ ಹೋಗುತ್ತೆ. ನಮ್ಮ ತೌರಲ್ಲಿ ಯಾರೂ ಹಂಗೆ ಮಾಡಿಲ್ಲ. ಇವ್ರು ನಂಗೆ ಹೇಳಿದ್ದು ಐದು ಸಾವ್ರ, ನಾನು ಕೊಟ್ಟಿದ್ದು ಐದು ಸಾವ್ರದ ಸಾಮಾನು. ಇಲ್ಲೇ ಇರುತ್ತೆ."

"ಎಲ್ಲೀವರ್ಗೂ?" ಅಂದ್ರು ಅಂಕಲ್.

"ಅಂಗ್ಡಿ ಇರೋವರ್ಗೂ."

ಹಂಗಾಗಿ ದೊಂಗ್‌ಬೆಕ್ ಈಗ ಉಲ್ಚಿರೋದ ಆ ಅಂಗ್ಡೀಲೇ ಇದೆ, ಕಿಟಕಿ ಪಕ್ಕದ ಶೆಲ್ಫಲ್ಲಿ. ಅಂಕಲ್ಲೂ ಅಲ್ಲೇ. ಬೆಳಗ್ಗೆ ಸೊಲ್ಮಿ ಬಾಗ್ಲು ತೆಗ್ಯೋಕೆ ಮುಂಚೆ ಮೆಟ್ಲ ಮೇಲೆ ಕೂತಿರ್ತಾರೆ. ಕಾಫಿ ಮಷಿನ್ನಿಂದ ಹಬೆ ಬಂದ್ರೆ ಎದ್ದು ಕಿಟಕಿ ತೆಗೀತಾರೆ, ಬಿಸ್ಲು ಬಿದ್ರೆ ಮುಚ್ತಾರೆ. ಫೋಟೋ ತೆಗ್ಯೋಕೆ ಬಂದ ಹುಡುಗೀರು ಗುಬುಟು ತಿರುಗ್ಸಿದ್ರೆ ಅಂಕಲ್ ಕತ್ತಿನ ನರ ಎದ್ದು ಕಾಣುತ್ತೆ. ಗಾಜು ಒರೆಸೋ ಬಟ್ಟೆ ಒಣಗಿದೆಯಾ ಅಂತ ಕೆನ್ನೆಗಿಟ್ಟು ನೋಡ್ತಾರೆ. ಮನೇಲಿ ಆಂಟಿ ಊಟ ಹಾಕ್ತಾರಂತೆ, ಮಾತು ಕಮ್ಮಿ.

ಅದಕ್ಕಿಂತ ದೊಡ್ಡ ಸಂಕಟ ಬೇರೇನೇ ಇದೆ. ನಂಗೆ ಒಂದಿನ ಅವ್ರೇ ಹೇಳಿದ್ರು.

"ಗಿರಾಕಿ ಬರ್ದೇ ಇದ್ದ ದಿನ ನಂಗೆ ಖುಷಿಯಾಗುತ್ತೆ ಮರಿ. ಅಂಗ್ಡಿ ಮುಚ್ಚಿದ್ರೆ ಮನೆಗೆ ಬರುತ್ತಲ್ಲಾ ಅಂತ. ಅದೇ ಸೊಲ್ಮೀನ ಚಿಕ್ಕೋಳಿದ್ದಾಗ ನನ್ನ ಟ್ಯಾಕ್ಸೀಲೇ ಸ್ಕೂಲಿಗೆ ಬಿಡ್ತಿದ್ದೆ. ನಾನೆಂಥ ಮನುಷ್ಯ ಅಂತ ಅನ್ಸುತ್ತೆ."

ಆವತ್ತಿಂದ ನಮ್ಮ ಕ್ಲಬ್ಬಿನೋರೆಲ್ಲಾ ಅಲ್ಲೇ ಸೇರ್ತೀವಿ. ಅಂಕಲ್ಲೇ ಫೋನ್ ಮಾಡಿ ಕರೀತಾರೆ, ಬರ್ದೇ ಇದ್ದೋರ ಮೇಲೆ ಕೋಪ ಮಾಡ್ಕೋತಾರೆ. ನಾನಂತೂ ಅಷ್ಟು ಕಾಫಿ ಕುಡಿದು ನಿದ್ದೆ ಕಳ್ಕೊಂಡಿದೀನಿ.

ಹೋದ ವಾರ ಮಧ್ಯಾಹ್ನ ನಾವಿಬ್ರು ಬಿಟ್ರೆ ಒಬ್ರೂ ಇರ್ಲಿಲ್ಲ. ಸೊಲ್ಮಿ ಖಾಲಿ ಮೇಜು ಒರ್ಸಿದ್ದನ್ನೇ ಒರೆಸ್ತಾ, ಬಾಡಿಗೆ ಹೆಂಗೋ ಏನೋ ಚಿಕ್ಕಪ್ಪ ಅಂದ್ಲು. ಅಂಕಲ್ ಮುಖ ಒಂದು ಕ್ಷಣ ಬೆಳಗಿದ್ದನ್ನ ನಾನು ನೋಡ್ದೆ. ನಾನು ನೋಡ್ದೆ ಅಂತ ಅವ್ರಿಗೂ ಗೊತ್ತಾಯ್ತು. ತಟ್ಟನೆ ಎದ್ದು ಕೆಳಗಿಳಿದು ಹೋದ್ರು. ವಾಪಸ್ ಬಂದಿದ್ದು ಗಲ್ಲಿಯ ಲೇತ್ ಅಂಗ್ಡಿ ಕೆಲಸಗಾರರನ್ನ ಒಂದು ಹಿಂಡು ಕಟ್ಕೊಂಡು. ಎಣ್ಣೆ ಕೈ, ದೊಡ್ಡ ನಗು, ಕೂರಕ್ಕೆ ಜಾಗ ಸಾಲ್ಲಿಲ್ಲ. ಸೊಲ್ಮಿ ಓಡಾಡಿದ್ದೇ ಓಡಾಡಿದ್ದು.

ಅವ್ರಲ್ಲೊಬ್ಬ ಶೆಲ್ಫಿಗೆ ಒರಗಿ ನಿಂತು, ಕೈ ಸುಡ್ತಿದೆ ಅಂತ ತನ್ನ ಕಪ್ಪನ್ನ ದೊಂಗ್‌ಬೆಕ್ ತಲೆ ಮೇಲಿಡಕ್ಕೆ ಹೋದ.

ಅಂಕಲ್ ಅಷ್ಟರಲ್ಲಿ ಅಂಗೈ ಅಡ್ಡ ಇಟ್ಟಾಗಿತ್ತು. "ಆರಾಮಾಗಿ ಮಾತಾಡಪ್ಪ, ಇನ್ನೊಂದು ಕಪ್ಪೂ ಕುಡಿ" ಅಂತಾ, ಆ ಬಿಸಿ ಕಪ್ ಕೈಲಿ ಹಿಡ್ಕೊಂಡು, ಅವ್ನ ಮಾತು ಮುಗಿಯೋವರ್ಗೂ ಅಲ್ಲೇ ನಿಂತಿದ್ರು.