ಬಾಣದ ಕೆಳಗಿನ ಖಾಲಿ ಜಾಗ

ಬಳ್ಳಾರಿ ಬಿಟ್ಟು ಅರ್ಧ ಗಂಟೆಯೊಳಗೆ ಕಾರು ಪಂಕ್ಚರ್ ಆಗಬಹುದಿತ್ತು. ಆಗದಿದ್ದರೆ ತೆಕ್ಕಲಕೋಟೆಯ ಹತ್ತಿರ ಭತ್ತದ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಬಹುದಿತ್ತು. ಬೆಂಗಳೂರಿನಿಂದ ಬಂದ ಮೇಡಂ ಅವರ ಹೊಟ್ಟೆಯನ್ನು ನಾವು ಕೊಟ್ಟ ಮಂಡಕ್ಕಿ ಒಗ್ಗರಣಿ-ಮಿರ್ಚಿ ಕೆಡಿಸಬಹುದಿತ್ತು. ಮಿರ್ಚಿ ಕೊಡದೇ ಹೋಗಿದ್ದರೆ ಈ ಊರಿನವರಿಗೆ ಮರ್ಯಾದೆ ಗೊತ್ತಿಲ್ಲ ಎಂದು ಅವರಿಗೆ ಅನ್ನಿಸಬಹುದಿತ್ತು. ಕರೆಂಟು ಹೋಗಿ ಎಲ್ಲ ಕೂಸುಗಳೂ ಒಟ್ಟಿಗೇ ಅಳಲು ಶುರು ಮಾಡಬಹುದಿತ್ತು. ಕಚ್ಚುವ ಚಟವಿದ್ದ ಒಂದು ಕೂಸು ಅವರ ಬೆರಳನ್ನೇ ಹಿಡಿಯಬಹುದಿತ್ತು. ಗೋಡೆಗೆ ಹಚ್ಚಿದ ಚಾರ್ಟು ಫ್ಯಾನಿನ ಗಾಳಿಗೆ ಕಳಚಿ ಅವರ ತಲೆಯ ಮೇಲೆ ಬೀಳಬಹುದಿತ್ತು. ಅವರು ಏನಾದರೂ ಕೇಳಿದಾಗ ನನ್ನ ಬಾಯಿ ಒಣಗಿ, ಉತ್ತರದ ಬದಲು ಕೆಮ್ಮು ಬರಬಹುದಿತ್ತು.

ಇದನ್ನೆಲ್ಲ ಹಿಂದಿನ ದಿನವೇ ನನ್ನ ಗಂಡನಿಗೆ ಒಪ್ಪಿಸಿದ್ದೆ. ಅವರು ಪೇಪರಿನಿಂದ ತಲೆ ಎತ್ತದೆ, "ಮಳಿ ಬಿಟ್ಟೆಲ್ಲ" ಎಂದರು. ಮಳೆಯನ್ನೂ ಸೇರಿಸಿಕೊಂಡೆ.

ನನ್ನ ಚಿಂತೆಗೆ ಕಾರಣವಿಲ್ಲದೆ ಇರಲಿಲ್ಲ. ನಮ್ಮದು ಚಿಕ್ಕ ಸಂಸ್ಥೆ. ಅಂಗನವಾಡಿಗೆ ಹೋಗುವ ವಯಸ್ಸಾಗದ ಕೂಸುಗಳನ್ನು, ತಾಯಂದಿರು ಕೂಲಿಗೆ ಹೋದಾಗ ನೋಡಿಕೊಳ್ಳುವ ಎರಡು ಕೇಂದ್ರಗಳನ್ನು ನಡೆಸುತ್ತೇವೆ: ಒಂದು ಕುರುಗೋಡಿನಲ್ಲಿ, ಒಂದು ಸಿರುಗುಪ್ಪದಲ್ಲಿ. ಜನ ಅವನ್ನು 'ತೊಟ್ಟಿಲ ಮನಿ' ಅನ್ನುತ್ತಾರೆ. ಸಿರುಗುಪ್ಪದ ತೊಟ್ಟಿಲ ಮನೆ ಮುಂದಿನ ವರ್ಷ ಇರುತ್ತದೋ ಮುಚ್ಚುತ್ತದೋ ಎನ್ನುವುದು ಆ ಮೇಡಂ ಭೇಟಿಯ ಮೇಲೆ ನಿಂತಿತ್ತು. ನಮಗೆ ನೆರವು ಕೊಡುವವರ ಕಡೆಯಿಂದ ಬರುತ್ತಿದ್ದವರು ಅವರು. "ಕೂಸುಗಳು ಬರುತ್ತಿವೆ ಎನ್ನುವುದು ಗೊತ್ತು. ಅದರಿಂದ ಏನಾಯಿತು ಎನ್ನುವುದನ್ನು ತೋರಿಸಿ" ಎಂದು ಮೊದಲೇ ಹೇಳಿದ್ದರು. ಮುಚ್ಚಿದರೆ ಆ ಕೂಸುಗಳು ಎಲ್ಲಿಗೆ ಹೋಗುತ್ತವೆ ಎನ್ನುವುದು ನಮಗೆ ಗೊತ್ತಿತ್ತು. ನೇರವಾಗಿ ಅಕ್ಕಂದಿರ ಸೊಂಟಕ್ಕೆ. ಕೂಸು ಸೊಂಟ ಹತ್ತಿದರೆ ಅಕ್ಕ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ.

ಏನಾಯಿತು ಎಂದು ತೋರಿಸುವ ವಿದ್ಯೆಯನ್ನು ನಾವು ಹಿಂದಿನ ವರ್ಷ ಕಲಿತಿದ್ದೆವು. ನಮ್ಮ ಕಚೇರಿ ಇರುವುದು ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿ. ಧಾರವಾಡದಿಂದ ಬಂದ ತರಬೇತುದಾರರು ಅಲ್ಲಿ ಗೋಡೆಗೆ ದೊಡ್ಡ ಹಾಳೆ ಹಚ್ಚಿ, ಲಾಜಿಕ್ ಮಾಡೆಲ್ ಎಂದು ಮೇಲೆ ಬರೆದು, ಸಾಲಾಗಿ ಐದು ಚೌಕ ಎಳೆದರು. ಕೆಳಗೆ ಅಂಗಡಿಯಲ್ಲಿ ಮುಚ್ಚಳ ಬಿದ್ದಾಗಲೆಲ್ಲ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಿದ್ದರು. ಮೊದಲ ಚೌಕದಲ್ಲಿ ನಮ್ಮ ಕೈಲಿರುವುದು: ಕೋಣೆ, ತೊಟ್ಟಿಲು, ನೋಡಿಕೊಳ್ಳುವವರು. ಎರಡನೆಯದರಲ್ಲಿ ನಾವು ಮಾಡುವುದು. ಮೂರನೆಯದರಲ್ಲಿ ಲೆಕ್ಕಕ್ಕೆ ಸಿಗುವುದು, ಅಂದರೆ ಎಷ್ಟು ಕೂಸು ಬಂದವು. ನಾಲ್ಕನೆಯದರಲ್ಲಿ ಅದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು: ಅಕ್ಕಂದಿರು ಶಾಲೆಗೆ ಹೋದರೇ? ಐದನೆಯದು ದೂರದ ಆಸೆ. ಚೌಕದಿಂದ ಚೌಕಕ್ಕೆ ಬಾಣ.

ನಾವು ಐದೂ ಚೌಕಗಳನ್ನು ಚಹಾ ಬರುವುದರೊಳಗೆ ತುಂಬಿ ಕೂತೆವು. ಅವರು ನಕ್ಕರು.

"ಡಬ್ಬಿ ತುಂಬೋದು ಎಲ್ಲಾರಿಗೂ ಬರ್ತದ್ರಿ. ಈ ಬಾಣ ಅದ ಅಲ್ಲ, ಇದು ಪುಕ್ಕಟೆ ಓಡಂಗಿಲ್ಲ. ಏನೇನು ಸರಿ ಇದ್ರ ಇದು ಮುಂದಿನ ಡಬ್ಬಿ ಮುಟ್ಟತದ? ಅದನ್ನ ಬಾಣದ ಕೆಳಗ ಬರೀರಿ."

ಬಾಣದ ಕೆಳಗಿನ ಆ ಖಾಲಿ ಜಾಗ ನೋಡಿ ನನಗೆ ತವರು ಮನೆ ಕಂಡಂತಾಯಿತು. ಹುಟ್ಟಿದಾಗಿನಿಂದ ನಾನು ಮಾಡುತ್ತ ಬಂದಿರುವ ಕೆಲಸ ಅದೊಂದೇ. ಐವತ್ತು ವರ್ಷ ಎಲ್ಲರೂ 'ಸುಮ್ಮನಿರವ್ವಾ ತಾಯಿ' ಎಂದು ಬಾಯಿ ಮುಚ್ಚಿಸಿದ್ದನ್ನು ಒಬ್ಬರು ಗೋಡೆಗೆ ಹಾಳೆ ಹಚ್ಚಿ ಕೇಳುತ್ತಿದ್ದಾರೆ! ಉಳಿದವರು ಎರಡು ಸಾಲು ಬರೆದು ಪೆನ್ನು ಮುಚ್ಚಿದರು. ನಾನು ಇನ್ನೊಂದು ಹಾಳೆ ಕೇಳಿದೆ. ನೀರಿನ ಟ್ಯಾಂಕಿಯಲ್ಲಿ ಹಲ್ಲಿ, ತೊಟ್ಟಿಲ ಹಗ್ಗ, ದಡಾರ, ಬಾಗಿಲಿನ ಚಿಲಕ, ತಾಯಂದಿರ ಅತ್ತೆಯರು. ತರಬೇತುದಾರರು ಹಿಂದಿನಿಂದ ಬಗ್ಗಿ ನೋಡಿ, "ಮೇಡಂ, ಭೂಕಂಪ ಬಿಡ್ರಿ, ಸಾಕು" ಎಂದರು. ಹೋಗುವಾಗ ಮಾತ್ರ ನನ್ನನ್ನೇ ಕರೆದು ಇನ್ನೊಂದು ಮಾತು ಹೇಳಿದರು. "ಒಂದೊಂದು ಬಾಣಾನೂ ಒಂದು ಸಲ ನಡಕೋತ ಹೋಗಿ ನೋಡ್ರಿ. ಕುಂತು ಚಿಂತಿ ಮಾಡೋದಕ್ಕಿಂತ ಅದು ಹಗುರ."

ಮಾಡಿದ ಒಂದು ಚಾರ್ಟನ್ನೇ ನಾವು ನಕಲು ಮಾಡಿ ಎರಡೂ ಊರಿಗೆ ಹಚ್ಚಿದೆವು. ಕುರುಗೋಡಿಗೆ ಹೋಗಿ ಬಾಣ ನಡೆದು ನೋಡಿದೆ. ಸರಿಯಿತ್ತು. ಅಲ್ಲಿ ತಾಯಂದಿರು ಹೋಗುವುದು ಮೆಣಸಿನಕಾಯಿ ತೊಟ್ಟು ಬಿಡಿಸುವ ಶೆಡ್ಡಿಗೆ. ಕೆಲಸ ನಿಧಾನಕ್ಕೆ ಶುರುವಾಗುತ್ತದೆ. ಒಂಬತ್ತಕ್ಕೆ ನಾವು ಬಾಗಿಲು ತೆರೆಯುತ್ತಿದ್ದಂತೆ ತಾಯಂದಿರೇ ಕೂಸನ್ನು ತಂದು ಬಿಟ್ಟು, ಕೆಮ್ಮುತ್ತ ಸೀನುತ್ತ ಶೆಡ್ಡಿಗೆ ಹೋಗುತ್ತಾರೆ. ಅಕ್ಕಂದಿರು ಅಷ್ಟು ಹೊತ್ತಿಗೆ ಜಡೆ ಹಾಕಿಕೊಂಡು ಶಾಲೆಯ ದಾರಿಯಲ್ಲಿರುತ್ತಾರೆ.

ಸಿರುಗುಪ್ಪಕ್ಕೆ ಹೋದದ್ದು ನಾಟಿಯ ಕಾಲದಲ್ಲಿ. ತೊಟ್ಟಿಲ ಮನೆ ತುಂಬಿತ್ತು. ಮೂರನೆಯ ಚೌಕಕ್ಕೆ ಅಷ್ಟೇ ಬೇಕು. ನನಗೂ ಸಮಾಧಾನವಾಗಿ ಹೊರಡಬೇಕು, ಆಗ ಹೊರಗಿನ ಕಟ್ಟೆಯ ಮೇಲೆ ಒಬ್ಬ ಹುಡುಗಿ ಕಂಡಳು. ಏಳನೆಯ ಇಯತ್ತೆಯ ಸಮವಸ್ತ್ರ, ಬೆನ್ನಿಗೆ ಚೀಲ. ಕಾಲು ಆಡಿಸುತ್ತ ಕೂತಿದ್ದಳು.

"ಸಾಲಿಗೆ ಹೋಗಿಲ್ಲೇನವ್ವಾ?"

"ಹೊತ್ತಾತ್ರಿ. ಈಗ ಹೋದ್ರ ಹೊರಗ ನಿಂದ್ರಸ್ತಾರ."

"ಯಾಕ ತಡಾ ಮಾಡಿದಿ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಕರುಣೆ ಇತ್ತು. "ನೀವು ಬಾಗ್ಲಾ ತಗಿಯೂದ ಒಂಬತ್ತಕ್ಕ ಅಲ್ಲೇನ್ರಿ?"

ಅಮ್ಮ ಎಲ್ಲಿ ಎಂದು ಕೇಳಿದೆ. ಊರಾಚೆಯ ಕ್ಯಾಂಪಿನ ಗದ್ದೆಗಳಿಗೆ, ನಾಟಿಗೆ. ಟಂಟಂ ಆಟೊ ಬೆಳಕು ಹರಿಯುವುದರೊಳಗೆ ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತದೆ. ಅಲ್ಲಿಂದ ನಾವು ಬಾಗಿಲು ತೆರೆಯುವತನಕ ಕೂಸು ಇವಳ ಸೊಂಟದ ಮೇಲೆ. ನಾವು ಇಳಿಸಿಕೊಳ್ಳುವಷ್ಟರಲ್ಲಿ, ಊರಿನ ಆಚೆ ತುದಿಯ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಒಂದು ದಿನ ಹೊರಗೆ ನಿಂತಳು, ಎರಡು ದಿನ ನಿಂತಳು, ಆಮೇಲೆ ಕಟ್ಟೆಯೇ ಮೇಲು ಅನ್ನಿಸಿತು. ಇವಳಂತೆ ಇನ್ನೂ ಕೆಲವರು ಮನೆಯಲ್ಲೇ ಉಳಿದಿದ್ದರು.

ದಡಾರಕ್ಕೆ ಹೆದರಿದ್ದೆ, ಹಲ್ಲಿಗೆ ಹೆದರಿದ್ದೆ, ಗಡಿಯಾರಕ್ಕೆ ಹೆದರುವುದು ಹೊಳೆದಿರಲಿಲ್ಲ. ಚಿಂತೆಯಲ್ಲಿ ನನಗೆ ಪದವಿ ಇದೆ ಎಂದುಕೊಂಡಿದ್ದವಳು ಆ ದಿನ ಅದೇ ಕಟ್ಟೆಯ ಮೇಲೆ ಹುಡುಗಿಯ ಪಕ್ಕ ಕೂತೆ.

ಸಿರುಗುಪ್ಪದ ಕೇಂದ್ರವನ್ನು ನೋಡಿಕೊಳ್ಳುವವರು ಇಬ್ಬರು, ಒಂದೇ ಮನೆಯ ಸೊಸೆಯಂದಿರು. ಹಿರಿಯಳನ್ನು ನಾನು ಅಕ್ಕಾ ಅನ್ನುತ್ತೇನೆ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯಲಾದೀತೇ ಎಂದು ಅಂಜುತ್ತ ಕೇಳಿದೆ.

"ಆರಕ್ಕ ಬಂದು ಬಾಗ್ಲಾ ತಗದ್ರ ನಮ್ಮನಿ ರೊಟ್ಟಿ ಯಾರು ಬಡೀತಾರ್ರಿ ಮೇಡಂ, ನೀವು ಬರ್ತೀರೇನು?"

"ನನ್ನ ರೊಟ್ಟಿ ತಿಂದ್ರ ನಿಮ್ಮ ಮನಿಯವ್ರು ಊರು ಬಿಟ್ಟು ಹೋಗ್ತಾರಕ್ಕಾ."

"ಹೋಗ್ಲಿ ಬಿಡ್ರಿ, ಆರಾಮ ಆದೀತು." ನಗು ಮುಗಿದ ಮೇಲೆ ಅಕ್ಕ ಕಿರಿಯ ಸೊಸೆಯ ಕಡೆ ತಿರುಗಿದಳು. ಇಬ್ಬರಿಗೂ ಅಡುಗೆ ಮನೆಯಲ್ಲಿ ಅಷ್ಟಕ್ಕಷ್ಟೇ; ಉಪ್ಪಿನ ಡಬ್ಬಿ ಎಲ್ಲಿಡಬೇಕು ಎನ್ನುವುದಕ್ಕೆ ಎಷ್ಟೋ ಸಲ ಮಾತು ಬಿಟ್ಟವರು. "ಏನಬೇ, ನೀ ಕೋಳಿಗಿಂತ ಮೊದಲ ಏಳ್ತಿ. ಬೆಳಿಗ್ಗೆ ನೀ ಬಂದು ಮಧ್ಯಾಹ್ನ ಹೋಗು. ರೊಟ್ಟಿ ನಾ ಬಡದು ಆಮ್ಯಾಲ ಬರ್ತೀನಿ, ಸಂಜಿಮಟ ಇರ್ತೀನಿ."

"ಹಂಗಾದ್ರ ಅರ್ಧಾ ದಿನ ನಿನ್ನ ಮಾರಿ ನೋಡೂದು ತಪ್ಪತೈತಿ," ಎಂದಳು ಕಿರಿಯಳು. "ನಾ ತಯಾರದೀನಿ."

ಅಷ್ಟೇ. ಸಭೆ ಇಲ್ಲ, ಠರಾವು ಇಲ್ಲ. ಇಬ್ಬರೂ ಒಟ್ಟಿಗೇ ಬರುತ್ತಿದ್ದ ಕೆಲಸವನ್ನು ಹಿಂದೆ ಮುಂದೆ ಮಾಡಿಕೊಂಡರು. ಚಳಿಯಲ್ಲಿ ಕತ್ತಲು ಬಿಡುವ ಮೊದಲೇ ಬೀಗ ತೆಗೆಯುತ್ತಿದ್ದ ಆ ಕಿರಿಯ ಸೊಸೆಯನ್ನು ನೆನೆದರೆ, ಹಾಸಿಗೆಯಲ್ಲಿ ಕೂತು ಚಿಂತಿಸುವ ನನಗೆ ಈಗಲೂ ಕೈ ಮುಗಿಯೋಣ ಅನ್ನಿಸುತ್ತದೆ.

ಅಳತೆಯನ್ನೂ ಬದಲಿಸಿದೆವು. ಎಷ್ಟು ಕೂಸು ಬಂದವು ಎನ್ನುವುದರ ಜೊತೆಗೆ, ಅವುಗಳ ಅಕ್ಕಂದಿರು ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿದ್ದರೇ ಎಂದು ಕೇಳತೊಡಗಿದೆವು. ಮುಖ್ಯ ಗುರುಗಳು ಒಪ್ಪಿ, ವಾರಕ್ಕೊಮ್ಮೆ ತಾವೇ ಹೇಳುತ್ತಿದ್ದರು. ಎಲ್ಲರೂ ಬರಲಿಲ್ಲ. ಆಗಲೇ ನಾಟಿಗೆ ಇಳಿದಿದ್ದ ದೊಡ್ಡ ಹುಡುಗಿಯರಿಬ್ಬರನ್ನು ನಮ್ಮ ಬಾಣ ಮುಟ್ಟಲೇ ಇಲ್ಲ. ಅದನ್ನೂ ಚಾರ್ಟಿನಲ್ಲಿ ಬರೆದೆವು. ಐದನೆಯ ಚೌಕವನ್ನು, ಹುಡುಗಿಯರ ಬದುಕು ಬದಲಾಗುವುದು ಎನ್ನುವುದನ್ನು, ನಾನು ಪೆನ್ಸಿಲಿನಲ್ಲಿ ಬರೆದೆ.

ಭೇಟಿಯ ದಿನಕ್ಕೆ ಹೊಸ ಚಾರ್ಟು ಸಿದ್ಧವಾಯಿತು. ಹಳೆಯದನ್ನು ಸುತ್ತಿ ಬೀರುವಿನಲ್ಲಿ ಇಡೋಣ ಎಂದೆ. ವರ್ಷಗಟ್ಟಲೆ ಬಾಗಿಲು ತಪ್ಪು ಹೊತ್ತಿಗೆ ತೆರೆದೆವು ಎಂದು ತಿಳಿದರೆ, ನೆರವು ಕೊಡುವವರು ಅದೇ ಕಾರಣಕ್ಕೆ ಮುಚ್ಚಿಸಿಬಿಟ್ಟರೆ? ನಮ್ಮ ಅಧ್ಯಕ್ಷರು ನಿವೃತ್ತ ಮೇಷ್ಟ್ರು. "ಎರಡೂ ಹಚ್ಚವ್ವಾ," ಎಂದರು. "ರಿಪೇರಿ ಆಗೇತಿ ಅನ್ನಾಕ ಮೊದಲ ಕೆಟ್ಟಿದ್ದು ಕಾಣಬೇಕು." ಅವರ ಮಾತಿಗೆ ಎದುರಾಡುವ ಧೈರ್ಯವಿಲ್ಲದೆ ಎರಡನ್ನೂ ಹಚ್ಚಿದೆ.

ಮೇಡಂ ಬಂದರು, ಚಪ್ಪಲಿ ಹೊರಗೆ ಬಿಟ್ಟು ಕೂಸುಗಳ ನಡುವೆ ಚಾಪೆಯ ಮೇಲೆ ಕೂತರು. ಹಳೆಯ ಚಾರ್ಟಿನಲ್ಲಿ ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದ ಬಾಣ ನೋಡಿ, "ಇದನ್ನ ಯಾಕೆ ಹೊಡೆದಿದೀರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಶುರುವಿಟ್ಟಳು. ಟಂಟಂ, ಕಟ್ಟೆ, ರೊಟ್ಟಿ, ಕಿರಿಯಳು ನೋಡಲೊಲ್ಲದ ತನ್ನ ಮಾರಿ, ಒಂದೂ ಬಿಡಲಿಲ್ಲ. ಮೇಡಂ ನಕ್ಕರು, ಮತ್ತೆ ಕೇಳಿದರು, ಮುಟ್ಟದೆ ಉಳಿದ ಇಬ್ಬರು ಹುಡುಗಿಯರ ಬಗ್ಗೆ ಬಹಳ ಹೊತ್ತು ಕೇಳಿದರು. ಕೆಲವು ವಾರಗಳ ನಂತರ ಫೋನ್ ಬಂತು: ಎರಡೂ ತೊಟ್ಟಿಲ ಮನೆಗಳು ಮುಂದುವರಿಯುತ್ತವೆ, ಸಿರುಗುಪ್ಪದ್ದು ಬೆಳಗಿನ ಆರರ ಹೊತ್ತಿನೊಂದಿಗೇ. ಫೋನ್ ಇಟ್ಟ ಮೇಲೆ ಕೆಳಗಿನ ಅಂಗಡಿಯಲ್ಲಿ ಏನೋ ಧಡಾರನೆ ಬಿತ್ತು. ಅವತ್ತು ನಾನು ಬೆಚ್ಚಲಿಲ್ಲ.

ಹಾಗೆಂದು ಆ ಭೇಟಿಯಲ್ಲಿ ಏನೂ ಕೆಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಡಂಗೆ ಗುಲಾಬಿ ಹೂವು ಕೊಟ್ಟು ಎರಡು ಮಾತು ಹೇಳಲು ಕಟ್ಟೆಯ ಹುಡುಗಿಯನ್ನೇ ಒಪ್ಪಿಸಿದ್ದೆವು. ಮೇಡಂ ಜೊತೆ ಬಳ್ಳಾರಿಯಿಂದ ಹೊರಟ ನಾವು ಒಂಬತ್ತರೊಳಗೆ ಬರಬೇಕಿತ್ತು. ಮೇಡಂ ದಾರಿಯಲ್ಲಿ ಕುರುಗೋಡಿನ ಬಂಡೆಗಳನ್ನು ಕಂಡು ಕಾರು ನಿಲ್ಲಿಸಿ, ಇಳಿದು, ಎಷ್ಟೋ ಹೊತ್ತು ನೋಡುತ್ತ ನಿಂತರು. ನಾವು ಮುಟ್ಟಿದಾಗ ಬಾಗಿಲಲ್ಲಿ ಹುಡುಗಿಯೂ ಇಲ್ಲ, ಹೂವೂ ಇಲ್ಲ.

"ಎಲ್ಲಿ ಹೋದ್ಲಕ್ಕಾ?" ಎಂದೆ ಪಿಸುಮಾತಿನಲ್ಲಿ.

"ನಿಂದ್ರ ಅಂದ್ನಿರಿ, ಕೇಳಲಿಲ್ಲ. ಪ್ರಾರ್ಥನಿಗೆ ಹೊತ್ತಾಗ್ತೈತಿ ಅಂತ ಹೂವು ಇಲ್ಲೇ ಇಟ್ಟು ಓಡಿ ಹೋದ್ಲು."

ಇಲ್ಲೇ ಎಂದರೆ ಅವಳ ತಮ್ಮನ ತೊಟ್ಟಿಲಲ್ಲಿ. ಅವನು ಅದರ ಎಸಳನ್ನೆಲ್ಲ ಕಿತ್ತು ಮುಗಿಸಿ, ಉಳಿದ ಕಡ್ಡಿಯನ್ನು ಬೆಂಗಳೂರಿನ ಮೇಡಂ ಕಡೆ ಚಾಚಿದ.