ಚುಕ್ಕಿ ಬಿಡಿಸಿ ಬರೆಯುತ್ತಿದ್ದ ಗುರುಪಾದಪ್ಪ

ಹೈದರಾಬಾದಿನ ಮಾದಾಪುರದಲ್ಲಿದ್ದ ನಮ್ಮ ಆಫೀಸಿನ ಗೇಟಿನಲ್ಲಿ ಬಂದವರ ಹೆಸರು ಬರೆಸಿಕೊಳ್ಳುವ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಎಲ್ಲರೂ ನಿಂತ ಕಾಲಲ್ಲೇ ಏನೋ ಗೀಚಿ ಲಿಫ್ಟಿನತ್ತ ಓಡುತ್ತಿದ್ದರು. ಗುರುಪಾದಪ್ಪನವರು ಮಾತ್ರ ಕುರ್ಚಿ ಕೇಳಿ ಕೂತು, ಕನ್ನಡಕ ಏರಿಸಿಕೊಂಡು, ತಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಒಂದಕ್ಷರ ಮೊಟಕು ಮಾಡದೆ ಬರೆಯುತ್ತಿದ್ದರು. ಅಷ್ಟಕ್ಕೇ ಬಿಡುವವರಲ್ಲ. ಪುಟದ ಮೇಲೆ ಚುಟುಕಾಗಿ ಅಚ್ಚು ಹಾಕಿದ್ದ ತಲೆಬರಹಗಳನ್ನೂ ತಮ್ಮ ಪೆನ್ನಿನಿಂದ ಪೂರ್ತಿ ಮಾಡುತ್ತಿದ್ದರು. ಹಿಂದೆ ಕೊರಿಯರಿನವರು, ನೀರಿನ ಕ್ಯಾನಿನವರು ಸಾಲುಗಟ್ಟಿರುತ್ತಿದ್ದರು. ಕಾವಲಿನವನು "ಸಾರೂ, ಜರ ಜಲ್ದೀ ಕಾನಿಯ್ಯಂಡಿ" ಎಂದು ಬೇಗ ಮುಗಿಸಲು ಗೋಗರೆದರೆ, "ಪೂರಾ ಲಿಖ್ನೇ ದೇವ್ ಬಾಬಾ" ಎಂದು, ಪೂರ್ತಿ ಬರೆದೇ ತೀರುವ ಹಟದಲ್ಲಿ ಇವರು ಮತ್ತೆ ಬಗ್ಗುತ್ತಿದ್ದರು.

ಅವರನ್ನು ಆ ಗೇಟಿನೊಳಗೆ ಕರೆತಂದವಳು ನಾನೇ. ಹಾಗಾಗಿ ಮುಂದೆ ಆದದ್ದರ ಪಾಪವಾಗಲಿ ಪುಣ್ಯವಾಗಲಿ, ಅರ್ಧ ನನ್ನದು.

ಆಗ ನಾನು ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು. ಅಮೀರ್‌ಪೇಟೆಯಲ್ಲಿ ನಾನಿದ್ದ ಮನೆಯ ಮೇಲಿನ ಮಹಡಿಯಲ್ಲಿ ಗುರುಪಾದಪ್ಪನವರೂ ಅವರ ಹೆಂಡತಿ ಈರಮ್ಮನವರೂ ಇದ್ದರು. ಊರು ಲಿಂಗಸೂಗೂರು. ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾಗಿದ್ದರು. ಹೊರದೇಶಕ್ಕೆ ಹೋಗುವ ಔಷಧಿಯ ಡಬ್ಬಿಗಳ ಮೇಲೆ ಸ್ಪ್ಯಾನಿಷ್ ಭಾಷೆಯ ನಾಲ್ಕು ಸಾಲು ಇರಬೇಕಿತ್ತಂತೆ. ಹೆಡ್ಡಾಫೀಸಿನಿಂದ ಬಂದ ಆ ಸಾಲುಗಳನ್ನು ಇವರು ಅರ್ಥ ಗೊತ್ತಿಲ್ಲದೆ ದಿನಾ ಟೈಪು ಮಾಡುತ್ತಿದ್ದರು. "ದಿನಾ ನನ್ನ ಕೈಯಿಂದ ಬರೆಸಿಕೊಳ್ಳಾಕತ್ತೈತಿ, ಏನಂತೈತಿ ಅಂತ ಕೇಳೋದು ಬ್ಯಾಡೇನು?" ಎಂದು ಒಂದು ದಿನ ಅನ್ನಿಸಿತಂತೆ. ಸುಲ್ತಾನ್ ಬಜಾರಿನಲ್ಲಿ ಹೆಂಡತಿ ಸೀರೆ ಆರಿಸುವಾಗ ಇವರು ಹೊರಗೆ ಹಳೆ ಪುಸ್ತಕದ ರಾಶಿ ಕೆದಕಿ, ಸ್ಪ್ಯಾನಿಷಿನಲ್ಲಿ ವ್ಯಾಪಾರದ ಪತ್ರ ಬರೆಯುವುದು ಹೇಗೆಂದು ಇಂಗ್ಲಿಷಿನಲ್ಲಿ ಹೇಳಿಕೊಡುವ ಒಂದು ಪುಸ್ತಕ ತಂದರು. ರಟ್ಟು ಇರಲಿಲ್ಲ, ಮೊದಲ ಹಾಳೆ ಇರಲಿಲ್ಲ, ಎಂದಿನ ಪುಸ್ತಕ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಅದೊಂದನ್ನೇ ಹಿಡಿದು, ಆಮೇಲೆ ಒಂದು ನಿಘಂಟು ಕೊಂಡು, ವರ್ಷಗಟ್ಟಲೆ ಮನೆಯಲ್ಲೇ ಕಲಿತರು.

"ಯಾರ ಕೂಡ ಮಾತಾಡಾಕ ಕಲ್ತಾರೋ, ಆ ಬಸವಣ್ಣಗs ಗೊತ್ತು" ಎಂದು ಈರಮ್ಮನವರು ನಗುತ್ತಿದ್ದರು. ಗುರುಪಾದಪ್ಪನವರೂ ನಗುತ್ತಿದ್ದರು. ಆದರೆ ಒಂದು ಸಂಜೆ, ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ನನ್ನ ಹತ್ತಿರ, ಯಾರಿಗೂ ಕೇಳಿಸದಂತೆ ಹೇಳಿದರು: "ತಂಗಿ, ಆ ಭಾಷಾದ ಒಬ್ಬ ಮನಷ್ಯಾನ್ನೂ ನಾ ಕಂಡಿಲ್ಲ. ನಾ ಬರದದ್ದು ಒಬ್ರೂ ಓದಿಲ್ಲ. ಇದು ಖರೇನ ಭಾಷಾನೋ, ಇಲ್ಲಾ ನನ್ನ ತಲಿಯೊಳಗ ನಾನs ಕಟಿಗೊಂಡದ್ದೋ, ಹೆಂಗ ತಿಳೀಬೇಕು?" ಆ ಪ್ರಶ್ನೆ ಅವರನ್ನು ಎಷ್ಟು ಕೊರೆಯುತ್ತಿತ್ತೆಂದು ನನಗೆ ಅವತ್ತು ತಿಳಿಯಿತು.

ಅದೇ ಸಮಯಕ್ಕೆ ನಮ್ಮ ಕಂಪನಿಗೆ ಸ್ಪೇನಿನ ಒಂದು ಆರೋಗ್ಯ ಸಂಘದ ಕೆಲಸ ಬಂತು. ಸಂಘದ ಸದಸ್ಯರೆಲ್ಲ ವಯಸ್ಸಾದವರು. ತಪಾಸಣೆಗೆ ಬನ್ನಿ, ಹೊಸ ಕಾರ್ಡು ಬಂದಿದೆ, ವಿಳಾಸ ಬದಲಾಗಿದ್ದರೆ ತಿಳಿಸಿ ಎಂದು ಅವರಿಗೆ ಕಂಪ್ಯೂಟರು ತಾನೇ ಕಳಿಸುವ ಪತ್ರಗಳನ್ನು ನಾವು ಸಿದ್ಧ ಮಾಡಬೇಕಿತ್ತು. ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದೆವು. ಸ್ಪ್ಯಾನಿಷ್ ಬಲ್ಲ ಹುಡುಗರೆಲ್ಲ ಕಾಲ್ ಸೆಂಟರುಗಳ ಪಾಲಾಗಿದ್ದರು. ನಮ್ಮ ಮ್ಯಾನೇಜರ್ ವೇಣು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾನು ಗುರುಪಾದಪ್ಪನವರ ಹೆಸರು ಹೇಳಿದೆ.

ಬಿಳಿ ನೆಹರು ಶರ್ಟು, ಧೋತರ, ಬಟ್ಟೆಯ ಚೀಲದೊಂದಿಗೆ ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಸಂಕ್ಷಿಪ್ತಾಕ್ಷರಗಳಿಗೆ ಅವರದೇ ಹೆಸರು, 'ಚುಕ್ಕಿ ಮಾತು'. ನಮ್ಮ ಇಂಗ್ಲಿಷ್ ಪತ್ರಗಳ ತುಂಬ ಅವೇ. ಪ್ಲೀಸ್ ಎಂಬುದನ್ನು ನಾವು ಮೂರಕ್ಷರಕ್ಕೆ ಇಳಿಸಿದ್ದನ್ನು ಕಂಡು ಅವರ ಮುಖ ಕಹಿಯಾಯಿತು. "ಮಂದಿ ಮನಿಗೆ ಹೋದಾಗ ಬಾಗಲದಾಗ ನಿಂತು 'ಬಂ' ಅಂತೀಯೇನು ತಂಗಿ? 'ಬಂದೀನ್ರಿ' ಅನ್ನಬೇಕು." ಜನ್ಮದಿನಾಂಕ, ನಂಬರು ಇಂಥವಕ್ಕೆ ಸ್ಪ್ಯಾನಿಷಿನ ಚುಕ್ಕಿ ಮಾತು ತಟ್ಟನೆ ಹೇಳಿದರು. ಆದಷ್ಟು ಬೇಗ ಎನ್ನುವ ಎ.ಎಸ್.ಎ.ಪಿ. ಬಂದಾಗ ಪುಸ್ತಕವನ್ನೆಲ್ಲ ಹುಡುಕಿ, "ಇದಕ್ಕ ಪೂರಾ ಮೂರು ಶಬ್ದಾನs ಬರೀಬೇಕು. ಆ ಮಂದಿಗೆ ಇಷ್ಟು ಅವಸರ ಇರಂಗಿಲ್ಲಂತ ಕಾಣತೈತಿ" ಎಂದು ಸಂತೋಷಪಟ್ಟರು. ಅಮೆರಿಕ ಸಂಯುಕ್ತ ಸಂಸ್ಥಾನದ ಚುಕ್ಕಿ ಮಾತಿನಲ್ಲಿ ಬಹುವಚನಕ್ಕಾಗಿ ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಬರೆಯುತ್ತಾರೆಂದು ತೋರಿಸಿ, "ನಮ್ಮ ಮಠದ ಸ್ವಾಮ್ಯಾರ ಹೆಸರಿಗೆ ಎರಡು ಶ್ರೀ ಹಾಕ್ತೀವಲ್ಲ, ಹಂಗs" ಎಂದರು.

ಪತ್ರಗಳ ರಾಶಿಯಲ್ಲಿ ಒಂದು, ಸದಸ್ಯರು ತೀರಿಕೊಂಡಾಗ ಮನೆಯವರಿಗೆ ಹೋಗುವಂಥದ್ದು. ಇಂಥ ತಾರೀಕಿನಿಂದ ಕಾರ್ಡು ರದ್ದಾಗಿದೆ, ಆದಷ್ಟು ಬೇಗ ವಾಪಸು ಮಾಡಿ ಎಂದು ಎರಡು ಸಾಲು, ಅದರಲ್ಲಿ ನಾಲ್ಕು ಚುಕ್ಕಿ ಮಾತು. ಬರೆದವಳು ನಾನೇ. ಅವರು ಅದನ್ನು ಓದಿ ನನ್ನನ್ನು ನೋಡಿದ ರೀತಿಗೆ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಬೈಯಲಿಲ್ಲ. "ಇದನ್ನ ನಾ ಮನಿಗೆ ಒಯ್ತೀನಿ" ಎಂದಷ್ಟೇ ಹೇಳಿದರು. ಮರುದಿನ ತಂದಾಗ ಅದು ಎರಡು ಸಾಲು ಹೋಗಿ ಹನ್ನೊಂದು ಸಾಲಾಗಿತ್ತು. ಒಂದೇ ಒಂದು ಚುಕ್ಕಿ ಮಾತು ಉಳಿಸಿದ್ದರು, ಸತ್ತವರ ಹೆಸರಿನ ಮುಂದೆ ನಾಲ್ಕಕ್ಷರ. "ಸಮಾಧಾನದಾಗ ಇರಲಿ ಅಂತ ಅದರ ಅರ್ಥ. ನಾವು ಲಿಂಗೈಕ್ಯ ಆದವರಿಗೆ ಲಿಂ. ಅಂತ ಬರೀತೀವಲ್ಲ, ಅಂಥಾದ್ದು. ಇದನ್ನ ಮಾತ್ರ ಬಿಡಿಸಬಾರದು. ಬಿಡಿಸಿದ್ರ ಮನಿಯವರಿಗೆ ಓದಾಕ ಆಗಂಗಿಲ್ಲ."

ನಮಗ್ಯಾರಿಗೂ ಸ್ಪ್ಯಾನಿಷ್ ಬಾರದು. ಕೊಟ್ಟದ್ದನ್ನು ಕೊಟ್ಟಂತೆ ಸ್ಪೇನಿಗೆ ಕಳಿಸಿದೆವು.

ಹತ್ತು ದಿನಕ್ಕೆ ಪತ್ರಗಳು ವಾಪಸು ಬಂದವು, ಮೈತುಂಬ ಕೆಂಪು ಗೀಟು. ಸಂಘದ ಪರವಾಗಿ ಓದಿದ ಪಿಲಾರ್ ಎಂಬ ಹೆಂಗಸು ನಮಗಾಗಿ ಇಂಗ್ಲಿಷಿನಲ್ಲೂ ಒಂದು ಟಿಪ್ಪಣಿ ಬರೆದಿದ್ದರು. ಹಲ್ಲು ತಪಾಸಣೆಗೆ ಕರೆಯುವ ಪತ್ರದ ಕೊನೆಗೆ 'ತಮ್ಮ ಕೈಗೆ ಮುತ್ತಿಡುವ, ತಮ್ಮ ನಂಬುಗೆಯ ಸೇವಕ' ಎಂದು ಇದೆಯಂತೆ. ತಮ್ಮ ತಾತ ಹಾಗೆ ಬರೆಯುತ್ತಿದ್ದರು, ಅವರ ಕಾಲಕ್ಕೇ ಅದು ಹಳತಾಗಿತ್ತು ಎಂದಿದ್ದರು. ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೇಣು ನಗಲಿಲ್ಲ. "ಎವರಂಡಿ ಈ ಸಾರು? ಮ್ಯೂಜಿಯಂ ನುಂಚಿ ತೆಚ್ಚಾರಾ?" ಎಂದು, ಯಾವ ಮ್ಯೂಸಿಯಮ್ಮಿನಿಂದ ಹಿಡಿದು ತಂದೆ ಎಂಬಂತೆ ನನ್ನನ್ನು ಕೇಳಿ, ನಾಳೆಯಿಂದ ಬರುವುದು ಬೇಡವೆಂದು ನೀನೇ ಹೇಳಿಬಿಡು ಎಂದ.

ಆ ಭಾನುವಾರ ಕಾಗದಗಳನ್ನು ಹಿಡಿದು ಮಹಡಿ ಹತ್ತಿದೆ. ಈರಮ್ಮನವರು ಮಂಡಾಳ ಒಗ್ಗರಣೆ, ಮಿರ್ಚಿ ತಂದಿಟ್ಟರು. ನಾನು ತಟ್ಟೆ ಮುಟ್ಟದೆ ಕಾಗದಗಳನ್ನೇ ಗುರುಪಾದಪ್ಪನವರ ಕೈಗೆ ಕೊಟ್ಟೆ. ಅವರು ಒಂದೊಂದಾಗಿ, ಒಂದು ಗೀಟನ್ನೂ ಬಿಡದೆ ಓದಿದರು. ಅರ್ಧ ಗಂಟೆಯಾಯಿತೇನೋ.

"ಸರ್, ಬೇಜಾರು ಮಾಡ್ಕೋಬೇಡಿ" ಎಂದೆ.

"ಬ್ಯಾಸರ ಯಾಕ ತಂಗಿ?" ತಲೆಯೆತ್ತಿದಾಗ ಅವರ ಕಣ್ಣು ಹೊಳೆಯುತ್ತಿದ್ದವು. "ಆಕಿ ಓದ್ಯಾಳ. ಪೂರಾ ಓದ್ಯಾಳ. ತಿಳೀಲಿಲ್ಲ ಅಂತ ಎಲ್ಲೆರ ಬರದಾಳೇನು ನೋಡು. ಹಳೇದು ಅಂತ ಬರದಾಳ. ಹಳೇದು ಅನ್ನಾಕ ಮೊದಲ ತಿಳೀಬೇಕಲ್ಲ?" ಹೆಂಡತಿಯತ್ತ ತಿರುಗಿ, "ಏನs, ಖರೇನ ಭಾಷಾ ಐತಂತ!" ಎಂದು ಕೂಗಿದರು.

ರಾಶಿಯ ಕೊನೆಯಲ್ಲಿದ್ದ ಹನ್ನೊಂದು ಸಾಲಿನ ಪತ್ರದ ಮೇಲೆ ಕೆಂಪು ಇರಲಿಲ್ಲ. ಪಕ್ಕದಲ್ಲಿ ಸ್ಪ್ಯಾನಿಷಿನಲ್ಲಿ ಏನೋ ಬರೆದಿತ್ತು. ಆಫೀಸಿನಲ್ಲಿ ಯಾರಿಗೂ ಅದು ಅರ್ಥವಾಗಿರಲಿಲ್ಲ. ಅವರು ನಿಧಾನಕ್ಕೆ ಕನ್ನಡದಲ್ಲಿ ಓದಿ ಹೇಳಿದರು: "ಇದನ್ನ ಮುಟ್ಟಬ್ಯಾಡ್ರಿ. ನಮ್ಮವ್ವ ತೀರಿಕೊಂಡಾಗ ನಮಗ ಬಂದ ಕಾಗದ ಇಷ್ಟು ಛಲೋ ಇರಲಿಲ್ಲ." ಓದಿ ಮುಗಿಸಿ ಕನ್ನಡಕ ತೆಗೆದರು. ನಾನು ಅತ್ತುಬಿಟ್ಟೆ.

ಸೋಮವಾರ ಆ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ವೇಣುವಿನ ಮುಂದಿಟ್ಟೆ. ಅವನು ಅದನ್ನು ಎರಡು ಸಲ ಓದಿ, ಒಂದು ವಾರ ಕೊಡು ಅವರಿಗೆ ಎಂದ. ಆ ವಾರದಲ್ಲಿ ಗುರುಪಾದಪ್ಪನವರು ಪಿಲಾರ್ ತಿದ್ದಿದ್ದನ್ನೆಲ್ಲ ಹೊಸದಾಗಿ ಕಲಿತರು. ಮುತ್ತು ಹೋಯಿತು, ಸೇವಕನೂ ಹೋದ, ಬರೀ ನಮಸ್ಕಾರ ಉಳಿಯಿತು. ಕೆಲಸ ವರ್ಷವಿಡೀ ನಡೆಯಿತು.

ಈಗ ಅವರಿಲ್ಲ. ನಾನು ಹೈದರಾಬಾದು ಬಿಟ್ಟ ಮೇಲೆ ಅವರೂ ಊರಿಗೆ ಹೋದರು, ಮೂರು ವರ್ಷಕ್ಕೆ ತೀರಿಕೊಂಡರೆಂದು ಈರಮ್ಮನವರು ಫೋನು ಮಾಡಿದ್ದರು. ನೆನೆದಾಗಲೆಲ್ಲ ನನಗೆ ಕಾಣುವುದು, ಕೆಲಸ ಮುಗಿಯುವ ಹೊತ್ತಿಗೆ ಪಿಲಾರ್ ಬಂದ ದಿನ. ಆಕೆ ಶಂಶಾಬಾದಿನಲ್ಲಿ ವಿಮಾನ ಇಳಿದು ನೇರ ಆಫೀಸಿಗೇ ಬಂದರು. ಗುರುಪಾದಪ್ಪನವರು ಇಸ್ತ್ರಿಯ ಧೋತರ ಉಟ್ಟು ಬೆಳಿಗ್ಗೆಯಿಂದ ಕಾದಿದ್ದರು. ಎದ್ದು ನಿಂತು, ಕನ್ನಡದ ಒತ್ತಿನಲ್ಲೇ ಸ್ಪ್ಯಾನಿಷಿನ ನಾಲ್ಕು ವಾಕ್ಯ ಹೇಳಿದರು. ಆಕೆಯ ಮುಖ ಅರಳಿತು. ಸಡಗರದಿಂದ ಒಂದೇ ಉಸಿರಿಗೆ ಮಾತಾಡತೊಡಗಿದರು. ಗುರುಪಾದಪ್ಪನವರ ಮುಖ ಬಿಳಿಚಿಕೊಂಡಿತು. "ತಂಗಿ, ಒಂದೂ ತಿಳೀವಲ್ದು" ಎಂದು ಪಿಸುಗುಟ್ಟಿದರು. ಆ ಭಾಷೆ ಅವರ ಕಿವಿಗೆ ಬಿದ್ದದ್ದೇ ಅವತ್ತು ಮೊದಲು.

ಪಿಲಾರ್‌ಗೆ ಏನು ಹೊಳೆಯಿತೋ, ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಎರಡು ಸಾಲು ಬರೆದು ಅವರತ್ತ ಸರಿಸಿದರು. ಇವರು ಓದಿ, ನಕ್ಕು, ಕೆಳಗೆ ಉತ್ತರ ಬರೆದರು. ಮಧ್ಯಾಹ್ನ ಪೂರ್ತಿ ಇಬ್ಬರೂ ಎದುರುಬದುರು ಕೂತು ಹಾಳೆ ತಳ್ಳಾಡಿದರು. ಚಹ ತಣ್ಣಗಾಯಿತು. ಕೆಲವು ಸಲ ಆಕೆ ಬರೆದದ್ದನ್ನೇ ಬಾಯಲ್ಲೂ ಹೇಳುತ್ತಿದ್ದರು, ಇವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು.

ಸಂಜೆ ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಪಿಲಾರ್ ಒಳಗಿನಿಂದ ಏನೋ ಹೇಳಿದರು. ಕೈಯಲ್ಲಿ ಹಾಳೆ ಇರಲಿಲ್ಲ. ಗುರುಪಾದಪ್ಪನವರು ತಟ್ಟನೆ ಏನೋ ಉತ್ತರ ಕೊಟ್ಟರು. ಬಾಗಿಲು ಮುಚ್ಚಿತು. ಅವರು ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದರು.

"ನಾಳೆ ಸಿಗೂಣು ಅಂದ್ಳು, ತಂಗಿ" ಎಂದರು. "ಕಿವೀಲೆ ಕೇಳಿದೆ."